'ನಮಗೇನೂ ಬೇಡ' ಎಂಬ ಮಾತಿನ ಬೆಲೆ



ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಮದುವೆಯ ಹಂಗಾಮು ಶುರುವಾಗಿರುತ್ತದೆ. ಛತ್ರಗಳ ಮುಂದೆ ಚಪ್ಪರ ಏಳುತ್ತದೆ. ಒಡವೆ ಅಂಗಡಿಗಳ ಜಾಹೀರಾತು ಫಲಕಗಳಲ್ಲಿ ಮೈತುಂಬ ಚಿನ್ನ ಹೇರಿಕೊಂಡ ಮದುಮಗಳು ನಗುತ್ತಾಳೆ. ಇದೇ ಹೊತ್ತಿನಲ್ಲಿ ನಮ್ಮ ಸಂಘಗಳ ಸಭೆಗಳಲ್ಲಿ 'ಮದುವೆ ಖರ್ಚಿಗೆ' ಎಂಬ ಸಾಲದ ಬೇಡಿಕೆಗಳೂ ಹೆಚ್ಚಾಗುತ್ತವೆ. ಆ ಎರಡು ಪದಗಳ ಹಿಂದೆ ಏನೇನು ಅಡಗಿರುತ್ತದೆ ಎಂಬುದು ನಮಗೆಲ್ಲ ಗೊತ್ತಿದೆ. ಗೊತ್ತಿದ್ದೂ ನಾವು ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಸಂಘದಲ್ಲಿ ಇಂಥದೇ ಒಂದು ಬೇಡಿಕೆ ಬಂತು. ನಿವೃತ್ತಿಯ ನಂತರ ಆ ಸಂಘದ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ನನ್ನದಾಗಿದೆ. ಸದಸ್ಯೆಯೊಬ್ಬಳ ಮಗಳ ಮದುವೆಗೆ ಇನ್ನು ಹನ್ನೆರಡೇ ದಿನ ಉಳಿದಿತ್ತು. ಛತ್ರಕ್ಕೆ ಮುಂಗಡ ಕೊಟ್ಟಾಗಿತ್ತು, ಲಗ್ನಪತ್ರಿಕೆ ಅರ್ಧ ಊರಿಗೆ ಹಂಚಿಯಾಗಿತ್ತು. ಮೊದಲು ಮಾತುಕತೆಗೆ ಬಂದಾಗ ಗಂಡಿನ ಕಡೆಯವರು, "ನಮಗೇನೂ ಬೇಡ, ಹುಡುಗಿ ಒಪ್ಪಿದಾಳೆ, ಅಷ್ಟೇ ಸಾಕು" ಅಂದಿದ್ದರು. ಇಡೀ ಬೀದಿಯೇ ಅವರನ್ನು ಹೊಗಳಿತ್ತು. ಈಗ ಹುಡುಗನ ಸೋದರಮಾವ ಬಂದು, "ಕೆಲಸಕ್ಕೆ ಹೋಗಿಬರೋಕೆ ಹುಡುಗನಿಗೆ ಒಂದು ಗಾಡಿ ಆದ್ರೆ ಚೆನ್ನಾಗಿತ್ತು. ಹಿಂದೆ ಕೂರೋಳು ನಿಮ್ಮ ಮಗಳೇ ಅಲ್ವಾ" ಎಂದು ಹೇಳಿ ಹೋಗಿದ್ದ.

"ಇಷ್ಟು ದೂರ ಬಂದ ಮೇಲೆ ಹ್ಯಾಗೆ ಆಗಲ್ಲ ಅನ್ನೋದು ಮೇಡಂ?" ಎಂದು ಅವಳು ನನ್ನ ಮುಖ ನೋಡಿದಳು. ಸಭೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಸಾಲ ಮಂಜೂರಾಯಿತು. ನಡಾವಳಿ ಪುಸ್ತಕದಲ್ಲಿ 'ಮದುವೆ ಖರ್ಚು' ಎಂದು ಬರೆದವಳು ನಾನೇ.

ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವಳ ಮಾತು ಎಲ್ಲೋ ಕೇಳಿದ ಮಾತಿನಂತಿತ್ತು. ಎಲ್ಲಿ ಎಂದು ಬಹಳ ಹೊತ್ತು ಯೋಚಿಸಿದ ಮೇಲೆ ಹೊಳೆಯಿತು, ನಾನೇ ಮಾಡಿದ ಪಾಠದಲ್ಲಿ! ಕಾಲೇಜಿನಲ್ಲಿ ನಾನು ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದೆ. ಅದರಲ್ಲಿ ಗ್ರಾಹಕರ ವರ್ತನೆ ಎಂಬ ಒಂದು ಭಾಗ. ಜನ ಒಂದು ವಸ್ತುವನ್ನು ಯಾಕೆ ಕೊಳ್ಳುತ್ತಾರೆ, ಬೇಡವೆಂದುಕೊಂಡವರು ಕೊನೆಗೆ ಹೇಗೆ ಒಪ್ಪುತ್ತಾರೆ, ನೆರೆಹೊರೆಯವರ ಕಣ್ಣು ನಮ್ಮ ಕೈಚೀಲವನ್ನು ಹೇಗೆ ಆಳುತ್ತದೆ ಎಂಬುದನ್ನು ವಿಶ್ವವಿದ್ಯಾಲಯಗಳಲ್ಲಿ ಪ್ರಯೋಗ ಮಾಡಿ ಅಧ್ಯಯನ ಮಾಡಿದ್ದಾರೆ. ವರ್ಷ ವರ್ಷವೂ ಅದನ್ನು ಮಾರಾಟದ ಜಾಣತನವೆಂದು ಹುಡುಗ ಹುಡುಗಿಯರಿಗೆ ಹೇಳಿಕೊಟ್ಟೆ, ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದೆ, ಅಂಕ ಕೊಟ್ಟೆ. ಅದೇ ಜಾಣತನ ನಮ್ಮ ಮನೆಯ ಜಗಲಿಯ ಮೇಲೆ, ವೀಳ್ಯದೆಲೆಯ ತಟ್ಟೆಯ ಮುಂದೆ ಕುಳಿತು ಹೆಣ್ಣು ಹೆತ್ತವರನ್ನು ಹಿಂಡುತ್ತಿದೆ ಎಂಬುದು ಒಂದು ದಿನವೂ ನನ್ನ ತಲೆಗೆ ಹೋಗಿರಲಿಲ್ಲ. ಆ ಪಾಠವನ್ನು ಇವತ್ತು ನಿಮ್ಮ ಮುಂದೆ, ಸರಿಯಾದ ಅರ್ಥದಲ್ಲಿ, ಇನ್ನೊಮ್ಮೆ ಮಾಡಬೇಕೆನಿಸಿದೆ.

ಅಮೆರಿಕದಲ್ಲಿ ರಾಬರ್ಟ್ ಚಾಲ್ಡೀನಿ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರಿದ್ದಾರೆ. ಜನರನ್ನು ಒಪ್ಪಿಸುವ ಕಲೆಯನ್ನು ತಿಳಿಯಲು ಅವರು ಪುಸ್ತಕಗಳನ್ನಷ್ಟೇ ಓದಲಿಲ್ಲ. ಮಾರಾಟಗಾರರಿಗೆ ತರಬೇತಿ ಕೊಡುವ ಕಡೆಗಳಲ್ಲಿ ತಾವೂ ಕಲಿಯಲು ಬಂದವರಂತೆ ಸೇರಿಕೊಂಡು ಒಳಗಿನ ಗುಟ್ಟುಗಳನ್ನು ನೋಡಿದರು. 1984ರಲ್ಲಿ 'ಇನ್‌ಫ್ಲುಯೆನ್ಸ್' ಎಂಬ ಪುಸ್ತಕ ಬರೆದರು. ಕಾರು ಮಾರುವವರ ಒಂದು ತಂತ್ರವನ್ನು ಅವರು ವಿವರಿಸುತ್ತಾರೆ. ಮೊದಲು ಬಹಳ ಕಡಿಮೆ ಬೆಲೆ ಹೇಳುವುದು. ಕೊಳ್ಳಲು ಬಂದವನು ಹಿಗ್ಗಿ ಒಪ್ಪುತ್ತಾನೆ, ಕಾಗದಪತ್ರ ತುಂಬುತ್ತಾನೆ, ಮನೆಯವರಿಗೆ ನೆಂಟರಿಗೆ ಹೇಳಿಕೊಳ್ಳುತ್ತಾನೆ, ಮನಸ್ಸಿನಲ್ಲಿ ಆಗಲೇ ಕಾರಿನ ಯಜಮಾನನಾಗಿರುತ್ತಾನೆ. ಆಮೇಲೆ, "ಲೆಕ್ಕದಲ್ಲಿ ಸ್ವಲ್ಪ ತಪ್ಪಾಗಿದೆ, ಈ ಬೆಲೆಗೆ ನಮ್ಮ ಮ್ಯಾನೇಜರು ಒಪ್ಪುತ್ತಿಲ್ಲ" ಎಂದು ಬೆಲೆ ಏರಿಸುವುದು. ಮೊದಲೇ ಆ ಬೆಲೆ ಹೇಳಿದ್ದರೆ ಅವನು ಎದ್ದು ಹೋಗುತ್ತಿದ್ದ. ಈಗ ಹೋಗುವುದಿಲ್ಲ.

ಇದು ನಿಜವೇ ಎಂದು ಚಾಲ್ಡೀನಿ ಮತ್ತು ಅವರ ಸಂಗಡಿಗರು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ 1978ರಲ್ಲಿ ಪ್ರಕಟಿಸಿದರು. ಒಂದು ಅಧ್ಯಯನಕ್ಕೆ ಬೆಳಿಗ್ಗೆ ಏಳು ಗಂಟೆಗೆ ಬರಬೇಕು ಎಂದು ಮೊದಲೇ ಹೇಳಿದಾಗ ಒಪ್ಪಿದವರು ಮೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಹೊತ್ತು ಹೇಳದೆ ಮೊದಲು "ಬರುತ್ತೀರಾ?" ಎಂದು ಕೇಳಿ, "ಹೂಂ" ಅನ್ನಿಸಿಕೊಂಡ ಮೇಲೆ ಏಳು ಗಂಟೆ ಎಂದು ತಿಳಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಮಾತಿಗೆ ಕಟ್ಟುಬಿದ್ದರು. ಒಮ್ಮೆ 'ಹೂಂ' ಅಂದ ಬಾಯಿಗೆ 'ಉಹೂಂ' ಅನ್ನುವುದು ಅಷ್ಟು ಕಷ್ಟ.

ಬೆಳಗಿನ ಏಳು ಗಂಟೆಗೆ ಹೋಗುವುದಕ್ಕೂ ಮಗಳ ಮದುವೆಗೂ ಅಜಗಜಾಂತರ ನಿಜ. ಆದರೆ ಹಾದಿ ಒಂದೇ. ವಿದ್ಯಾರ್ಥಿ ಕೊಟ್ಟದ್ದು ಬರೀ ಒಂದು ಮಾತು. ಹೆಣ್ಣಿನ ತಾಯಿ ಮಾತು ಕೊಟ್ಟಿರುತ್ತಾಳೆ, ಮುಂಗಡ ಕೊಟ್ಟಿರುತ್ತಾಳೆ, ಊರಿಗೆಲ್ಲ ಪತ್ರಿಕೆ ಹಂಚಿರುತ್ತಾಳೆ, ಎಲ್ಲಕ್ಕಿಂತ ಮಿಗಿಲಾಗಿ ಮಗಳ ಮನಸ್ಸಿನಲ್ಲಿ ಒಂದು ಸಂಸಾರದ ಚಿತ್ರ ಮೂಡಿರುತ್ತದೆ. 'ನಮಗೇನೂ ಬೇಡ' ಎಂಬುದು ಎಷ್ಟೋ ಕಡೆ ಉದಾರತೆಯ ಮಾತಲ್ಲ, ಮೊದಲು ಹೇಳುವ ಕಡಿಮೆ ಬೆಲೆ. ನಿಜವಾದ ಬೆಲೆ ಲಗ್ನಪತ್ರಿಕೆ ಅಚ್ಚಾದ ಮೇಲೆ ಬರುತ್ತದೆ. ಅದನ್ನು ಹೇಳಲು ಹುಡುಗ ಬರುವುದಿಲ್ಲ, ಅವನ ಅಪ್ಪ ಅಮ್ಮನೂ ಬರುವುದಿಲ್ಲ. ಕಾರಿನ ಅಂಗಡಿಯಲ್ಲಿ ಮ್ಯಾನೇಜರಿದ್ದ ಹಾಗೆ ಇಲ್ಲೊಬ್ಬ ಸೋದರಮಾವನಿರುತ್ತಾನೆ.

ಇದು ಮದುವೆಯ ಮುಂಚಿನ ಮಾತಾಯಿತು. ಮದುವೆಯ ನಂತರ ನಡೆಯುವುದು ಇನ್ನೊಂದು ತಂತ್ರ. 'ಬೆರಳು ಕೊಟ್ಟರೆ ಹಸ್ತ ನುಂಗಿದ' ಎಂದು ನಮ್ಮ ಹಿರಿಯರು ಎಂದೋ ಹೇಳಿಟ್ಟಿದ್ದಾರೆ. ಅದನ್ನೇ ಫ್ರೀಡ್‌ಮನ್ ಮತ್ತು ಫ್ರೇಸರ್ ಎಂಬಿಬ್ಬರು 1966ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊ ಎಂಬ ಊರಿನಲ್ಲಿ ಗೃಹಿಣಿಯರಿಗೆ ಫೋನು ಮಾಡಿ, ಗ್ರಾಹಕರ ಸಂಘದವರೆಂದು ಹೇಳಿಕೊಂಡು, ಮನೆಯಲ್ಲಿ ಬಳಸುವ ಸಾಬೂನಿನ ಬಗ್ಗೆ ಕೆಲವು ಸಣ್ಣ ಪ್ರಶ್ನೆ ಕೇಳಿದರು. ಕೆಲವು ದಿನ ಬಿಟ್ಟು ಮತ್ತೆ ಫೋನು ಮಾಡಿ, "ನಮ್ಮ ಐದಾರು ಗಂಡಸರು ನಿಮ್ಮ ಮನೆಯೊಳಗೆ ಬಂದು, ಎರಡು ಗಂಟೆ ಕಾಲ ಬೀರು ಕಪಾಟುಗಳನ್ನೆಲ್ಲ ನೋಡಿ ಸಾಮಾನಿನ ಪಟ್ಟಿ ಮಾಡಿಕೊಳ್ಳಬಹುದೇ?" ಎಂದು ಕೇಳಿದರು. ಎಂಥ ಬೇಡಿಕೆ ನೋಡಿ! ಮೊದಲು ಏನೂ ಕೇಳದೆ ನೇರವಾಗಿ ಇದನ್ನೇ ಕೇಳಿದಾಗ ಒಪ್ಪಿದವರು ನೂರಕ್ಕೆ 22 ಮಂದಿ. ಮೊದಲು ಸಾಬೂನಿನ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಒಪ್ಪಿದವರು ನೂರಕ್ಕೆ ಸುಮಾರು 53 ಮಂದಿ. ಸಣ್ಣದಕ್ಕೆ ಒಪ್ಪಿದವಳು 'ನಾನು ಇಂಥದಕ್ಕೆ ಒಪ್ಪುವವಳು' ಎಂದು ತನ್ನನ್ನೇ ತಾನು ನಂಬಿಬಿಡುತ್ತಾಳೆ ಎಂಬುದು ಸಂಶೋಧಕರ ವಿವರಣೆ.

ಈಗ ನಮ್ಮ ಮನೆಗಳಿಗೆ ಬನ್ನಿ. ಮೊದಲ ದೀಪಾವಳಿಗೆ ಅಳಿಯನಿಗೊಂದು ಉಂಗುರ. ಅದು ಪ್ರೀತಿಯ ಉಡುಗೊರೆ, ಯಾರು ಬೇಡವೆನ್ನುತ್ತಾರೆ? ಸೀಮಂತಕ್ಕೆ ಬೀಗರ ಕಡೆಯವರಿಗೆಲ್ಲ ಸೀರೆ. ನಾಮಕರಣಕ್ಕೆ ತೊಟ್ಟಿಲ ಜೊತೆಗೆ ಒಂದು ಸರ. ಆಮೇಲೆ ಹುಡುಗನ ವ್ಯಾಪಾರಕ್ಕೆ ಬಂಡವಾಳ, ಮನೆ ಕಟ್ಟಲು ಕೈಸಾಲ, ಕೊನೆಗೆ ತವರಿನ ಸೈಟಿನಲ್ಲಿ ಪಾಲು. ಒಂದೊಂದು ಮೆಟ್ಟಿಲೂ ಹಿಂದಿನದಕ್ಕಿಂತ ಸ್ವಲ್ಪವೇ ಎತ್ತರ. ಕೊಡುವವರು ಅಭ್ಯಾಸಕ್ಕೆ ಬೀಳುತ್ತಾರೆ, ತೆಗೆದುಕೊಳ್ಳುವವನು ಹಕ್ಕೆಂದು ತಿಳಿಯುತ್ತಾನೆ. ಒಂದು ದಿನ ತವರಿನ ಕೈ ಬರಿದಾಗುತ್ತದೆ. ಆ ದಿನ ಅವನ ಕೈ ಮೇಲೇಳುತ್ತದೆ. ಹೊಡೆತ ತಿಂದು ಬಂದ ಹೆಣ್ಣುಮಗಳ ಕಥೆಯನ್ನು ಕೊನೆಯಿಂದ ಮೊದಲಿಗೆ ಕೇಳುತ್ತಾ ಹೋಗಿ, ಎಷ್ಟೋ ಬಾರಿ ಅದು ಒಂದು ಉಂಗುರದ ಬಳಿಗೆ ಹೋಗಿ ನಿಲ್ಲುತ್ತದೆ.

ಹಾಗಾದರೆ ನಾವು ಯಾಕೆ ಸುಮ್ಮನಿರುತ್ತೇವೆ? ಬುದ್ಧಿ ಇಲ್ಲವೆಂದಲ್ಲ. ಓದಿದವರೂ ಈ ಬಲೆಗೆ ಬೀಳುತ್ತಾರೆ, ಪಾಠ ಹೇಳಿದ ನಾನೇ ನಡಾವಳಿಗೆ ಸಹಿ ಹಾಕಿದೆ. ನಮ್ಮನ್ನು ಕಟ್ಟಿಹಾಕಿರುವುದು 'ಒಳ್ಳೆಯ ಹೆಣ್ಣು' ಎಂಬ ಅಳತೆಗೋಲು. ಮಾರುಕಟ್ಟೆಯವರಿಗೆ ಇದು ಎಷ್ಟು ಚೆನ್ನಾಗಿ ಗೊತ್ತು ಎಂಬುದಕ್ಕೆ 1950ರ ಒಂದು ಸಂಶೋಧನೆ ಸಾಕ್ಷಿ.

ಆಗ ಅಮೆರಿಕದಲ್ಲಿ ಬಿಸಿನೀರಿಗೆ ಹಾಕಿ ಕಲಕಿದರೆ ಸಾಕು ಎನ್ನುವ ದಿಢೀರ್ ಕಾಫಿಪುಡಿ ಬಂದಿತ್ತು. ಯಾಕೆ ಕೊಳ್ಳುವುದಿಲ್ಲ ಎಂದು ಕೇಳಿದರೆ ಜನ "ರುಚಿ ಚೆನ್ನಾಗಿಲ್ಲ" ಎನ್ನುತ್ತಿದ್ದರು. ಮೇಸನ್ ಹೇರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ನಂಬಲಿಲ್ಲ. ಅವರು ಎರಡು ದಿನಸಿ ಚೀಟಿ ಬರೆದರು. ಎರಡರಲ್ಲೂ ಏಳೇಳು ಸಾಮಾನು. ಮಾಂಸ, ಬ್ರೆಡ್ಡು, ಗಜ್ಜರಿ, ಆಲೂಗಡ್ಡೆ ಇತ್ಯಾದಿ ಆರು ಎರಡರಲ್ಲೂ ಒಂದೇ. ಏಳನೆಯದು ಮಾತ್ರ ಬೇರೆ. ಒಂದರಲ್ಲಿ ನೆಸ್ಕೆಫೆ ದಿಢೀರ್ ಕಾಫಿ, ಇನ್ನೊಂದರಲ್ಲಿ ಸೋಸಿ ಮಾಡುವ ಮ್ಯಾಕ್ಸ್‌ವೆಲ್ ಹೌಸ್ ಕಾಫಿಪುಡಿ. ಐವತ್ತು ಗೃಹಿಣಿಯರಿಗೆ ಒಂದು ಚೀಟಿ, ಬೇರೆ ಐವತ್ತು ಮಂದಿಗೆ ಇನ್ನೊಂದು ಚೀಟಿ ಕೊಟ್ಟು, "ಈ ಚೀಟಿ ಬರೆದ ಹೆಂಗಸು ಎಂಥವಳು, ಹೇಳಿ" ಎಂದರು. ದಿಢೀರ್ ಕಾಫಿಯವಳನ್ನು ಸೋಮಾರಿ ಎಂದವರು ನೂರಕ್ಕೆ 48, ಇನ್ನೊಬ್ಬಳನ್ನು ಹಾಗೆಂದವರು ನೂರಕ್ಕೆ 4. ದಿಢೀರ್ ಕಾಫಿಯವಳು ಒಳ್ಳೆಯ ಹೆಂಡತಿಯಲ್ಲ ಎಂದವರು ನೂರಕ್ಕೆ 16, ಇನ್ನೊಬ್ಬಳ ಬಗ್ಗೆ ಹಾಗೆಂದವರು ಒಬ್ಬರೂ ಇಲ್ಲ.

ಒಂದು ಡಬ್ಬಿ ಕಾಫಿಪುಡಿಯಿಂದ ಒಬ್ಬ ಹೆಣ್ಣಿನ ಸಂಸಾರದ ಯೋಗ್ಯತೆಯನ್ನೇ ತೀರ್ಮಾನ ಮಾಡಿದರು. ತೀರ್ಮಾನ ಮಾಡಿದವರೂ ಹೆಂಗಸರೇ ಎಂಬುದನ್ನು ಗಮನಿಸಿ. ನಮ್ಮಲ್ಲಿ ಇದು ಹೊಸತೇ? ಸೊಸೆ ತಂದ ಪಾತ್ರೆಗಳನ್ನು ಸಾಲಾಗಿ ಜೋಡಿಸಿ ನೆರೆಹೊರೆಯವರನ್ನು ಕರೆದು ತೋರಿಸುತ್ತೇವೆ. 'ಏನು ತಂದಳು' ಎಂಬ ಪ್ರಶ್ನೆಯ ಉತ್ತರದಿಂದ 'ಎಂಥವಳು' ಎಂದು ನಿರ್ಧರಿಸುತ್ತೇವೆ. ಕಾಫಿಗೆ ಸಕ್ಕರೆ ಕಡಿಮೆಯಾಯಿತೆಂದು ಹೊಡೆಯುವ ಗಂಡನ ಹಿಂದೆ, 'ಅವಳಿಗೆ ಸಂಸಾರ ಮಾಡಲು ಬರುವುದಿಲ್ಲ' ಎಂದು ಮೊದಲೇ ತೀರ್ಪು ಕೊಟ್ಟ ಒಂದು ಬೀದಿಯೇ ನಿಂತಿರುತ್ತದೆ. ಮಗಳನ್ನು ಬರಿಗೈಯಲ್ಲಿ ಕಳಿಸಿದರೆ ಅವಳಿಗೆ ಇಂಥ ಹೆಸರು ಬರುತ್ತದೆಂಬ ಭಯವೇ ತಾಯಿಯ ಬಾಯಿ ಮುಚ್ಚಿಸುತ್ತದೆ. ಇದೇ ಭಯವೇ ಹೊಡೆತ ತಿಂದ ಮಗಳು ತವರಿಗೆ ಬರದಂತೆ ತಡೆಯುತ್ತದೆ.

ಆದರೆ ಈ ಕಥೆಗೆ ಇನ್ನೊಂದು ಭಾಗವಿದೆ. ಇಪ್ಪತ್ತು ವರ್ಷಗಳ ನಂತರ, 1970ರಲ್ಲಿ, ಅದೇ ಚೀಟಿಗಳ ಪ್ರಯೋಗವನ್ನು ಮತ್ತೆ ಮಾಡಿ ಪ್ರಕಟಿಸಿದರು. ಅಷ್ಟರಲ್ಲಿ ದಿಢೀರ್ ಕಾಫಿ ಮನೆಮನೆಯ ಮಾತಾಗಿತ್ತು, ಅದನ್ನು ಕೊಂಡವಳ ಮೇಲಿನ ಆ ಕಳಂಕ ಉಳಿದಿರಲಿಲ್ಲ. ನಾಚಿಕೆ ಎಂಬುದು ಹುಟ್ಟಿನಿಂದ ಬಂದದ್ದಲ್ಲ, ಸಮಾಜ ಕಟ್ಟಿದ್ದು. ಕಟ್ಟಿದ್ದನ್ನು ಬಿಚ್ಚಬಹುದು.

ಬಿಚ್ಚುವುದು ಹೇಗೆ? ಇದಕ್ಕೂ ಒಂದು ಪ್ರಯೋಗ ದಾರಿ ತೋರಿಸುತ್ತದೆ. 1951ರಲ್ಲಿ ಸಾಲೊಮನ್ ಆಶ್ ಎಂಬ ವಿಜ್ಞಾನಿ ಪ್ರಕಟಿಸಿದ ಪ್ರಯೋಗವದು. ಒಂದು ಕೋಣೆಯಲ್ಲಿ ಏಳೆಂಟು ಮಂದಿಯನ್ನು ಕೂರಿಸಿ, ಮೂರು ಗೆರೆಗಳಲ್ಲಿ ಯಾವುದು ಪಕ್ಕದ ಗೆರೆಯಷ್ಟೇ ಉದ್ದವಿದೆ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಮಗುವೂ ಹೇಳಬಹುದಾದ ಉತ್ತರ. ಆದರೆ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುತ್ತಿದ್ದರು. ಆ ಒಬ್ಬ ತನ್ನ ಕಣ್ಣನ್ನೇ ನಂಬದೆ, ಸರಾಸರಿ ಮೂರು ಸಲಕ್ಕೊಮ್ಮೆ ಅವರ ತಪ್ಪನ್ನೇ ಹೇಳಿಬಿಡುತ್ತಿದ್ದ. ಎದುರಿಗಿರುವ ಗೆರೆಯ ವಿಷಯದಲ್ಲೇ ಹೀಗಾದರೆ, "ಎಲ್ಲರೂ ಕೊಡ್ತಾರೆ, ಇದು ನಡೆದು ಬಂದ ಪದ್ಧತಿ" ಎಂದು ಇಡೀ ನೆಂಟರಿಷ್ಟರು ಹೇಳುವಾಗ ಒಬ್ಬಳು ತಾಯಿ ಏನು ಮಾಡಿಯಾಳು?

ಆಶ್ ಮತ್ತೊಂದು ಬದಲಾವಣೆ ಮಾಡಿದರು. ಸುತ್ತಲಿನವರಲ್ಲಿ ಒಬ್ಬನಿಗೆ ಮಾತ್ರ ಸರಿಯಾದ ಉತ್ತರ ಹೇಳಲು ಸೂಚಿಸಿದರು. ಅಷ್ಟೇ. ಉಳಿದವರೆಲ್ಲ ತಪ್ಪನ್ನೇ ಹೇಳುತ್ತಿದ್ದರೂ ಆ ಒಬ್ಬನ ದನಿ ಜೊತೆಗಿದ್ದಾಗ ತಪ್ಪಿಗೆ ತಲೆಬಾಗುವುದು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. ಊರನ್ನೇ ಗೆಲ್ಲಬೇಕಾಗಿಲ್ಲ ಗೆಳತಿಯರೇ. ಪಕ್ಕದಲ್ಲಿ ಒಬ್ಬಳು "ನೀನು ಹೇಳೋದು ಸರಿ" ಎಂದರೆ ಸಾಕು.

ಆ ಒಬ್ಬಳು ಎಲ್ಲಿ ಸಿಗುತ್ತಾಳೆ? ನಮ್ಮ ಸಂಘದಲ್ಲಿ. ವಾರ ವಾರವೂ ಕೂಡುವ, ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಿರುವ, ಹಣದ ಕೀಲಿಕೈ ಹೆಂಗಸರ ಕೈಯಲ್ಲೇ ಇರುವ ಇಂಥ ಜಾಗ ನಮಗೆ ಬೇರೆ ಎಲ್ಲಿದೆ? ಅಂದು ನಮ್ಮ ಸಭೆಯಲ್ಲಿ ಹದಿನೈದು ಮಂದಿ ಇದ್ದೆವು. ಹದಿನೈದು ಜನಕ್ಕೂ ಅದು ತಪ್ಪೆಂದು ಗೊತ್ತಿತ್ತು. ಒಬ್ಬಳು ಬಾಯಿ ಬಿಟ್ಟಿದ್ದರೆ ಉಳಿದವರೂ ಬಿಡುತ್ತಿದ್ದರು. ಆ ಒಬ್ಬಳು ನಾನಾಗಬಹುದಿತ್ತು.

ಹಾಗಾಗಿ ಕೆಲವು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ. ಮೊದಲನೆಯದು, ಮಾತುಕತೆ ಶುರುವಾದ ದಿನವೇ ಸಂಘದಲ್ಲಿ ಹೇಳಿ. ಪತ್ರಿಕೆ ಅಚ್ಚಾದ ಮೇಲಲ್ಲ. 'ನಮಗೇನೂ ಬೇಡ' ಎಂದವರಿಗೆ ಹಿರಿಯರ ಎದುರೇ, "ಬಹಳ ಸಂತೋಷ. ಮುಂದೆ ಏನಾದರೂ ಕೇಳಿದರೆ ಮದುವೆ ನಿಲ್ಲುತ್ತದೆ" ಎಂದು ಅಂದೇ ಹೇಳಿಬಿಡಿ. ನಿಜವಾಗಿ ಬೇಡದವರಿಗೆ ಈ ಮಾತಿನಿಂದ ನೋವಾಗುವುದಿಲ್ಲ. ಎರಡನೆಯದು, ಕೊನೆಯ ಗಳಿಗೆಯಲ್ಲಿ ಬೇಡಿಕೆ ಬಂದರೆ ಒಬ್ಬಳೇ ಉತ್ತರ ಕೊಡಬೇಡಿ. "ಸಂಘದಲ್ಲಿ ಕೇಳಿ ಹೇಳ್ತೀನಿ" ಎನ್ನಿ, ಇಬ್ಬರು ಮೂವರನ್ನು ಜೊತೆಗೆ ಕರೆದುಕೊಂಡು ಹೋಗಿ. ಆಗ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: 'ಇದನ್ನು ಮೊದಲ ದಿನವೇ ಕೇಳಿದ್ದರೆ ಒಪ್ಪುತ್ತಿದ್ದೆನೆ?' ಇಲ್ಲವೆಂದರೆ ಇಂದೂ ಒಪ್ಪಬೇಕಾಗಿಲ್ಲ. ಛತ್ರದ ಮುಂಗಡ ಹೋದರೆ ಹೋಗಲಿ, ಮತ್ತೆ ದುಡಿಯಬಹುದು. ಮೂರನೆಯದು, ಮದುವೆ ಖರ್ಚಿನ ಸಾಲ ಕೊಡುವಾಗ ಸಂಘ ವಿವರ ಕೇಳಲಿ. ಅಡಿಗೆಗೆಷ್ಟು, ಬಟ್ಟೆಗೆಷ್ಟು, ಗಂಡಿನವರು ಕೇಳಿದ್ದಕ್ಕೆಷ್ಟು? ಕೇಳುವುದು ಅವಳನ್ನು ಅವಮಾನ ಮಾಡಲಲ್ಲ, ಅವಳ ಬೆನ್ನಿಗೆ ನಿಲ್ಲಲು.

ಕಾನೂನೂ ತಿಳಿದಿರಲಿ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ನೇರವಾಗಿ ಕೇಳಿದರೂ, ಸುತ್ತಿಬಳಸಿ ಪರೋಕ್ಷವಾಗಿ ಕೇಳಿದರೂ ಅಪರಾಧವೇ. ಮದುವೆಗೆ ಮುಂಚೆ, ಮದುವೆಯಲ್ಲಿ, ಮದುವೆಯ ನಂತರ ಯಾವಾಗ ಕೇಳಿದರೂ ಅಪರಾಧವೇ. ಮನೆ ಕಟ್ಟಲು ಹಣ ತಾ ಎಂದು ಹೆಂಡತಿಯನ್ನು ಪೀಡಿಸಿದ್ದೂ ವರದಕ್ಷಿಣೆಯ ಬೇಡಿಕೆಯೇ ಎಂದು ಸುಪ್ರೀಂ ಕೋರ್ಟು 2022ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಕೊಡುವುದೂ ಅಪರಾಧ ಎಂದು ಹೆದರಿಸಿ ನಿಮ್ಮ ಬಾಯಿ ಮುಚ್ಚಿಸುವವರಿದ್ದಾರೆ. ಆದರೆ ನೊಂದವರು ಕೊಟ್ಟ ಹೇಳಿಕೆಯನ್ನೇ ಹಿಡಿದು ಅವರ ಮೇಲೆ ಈ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಹಿಂದೆ 498-ಎ ಎಂದು ನಾವು ಹೇಳುತ್ತಿದ್ದ ಗಂಡ ಮತ್ತವನ ಕಡೆಯವರ ಕ್ರೌರ್ಯದ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ, ವರದಕ್ಷಿಣೆ ಸಾವು 80ನೇ ಕಲಮಿನಲ್ಲಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೊಡೆತ ತಿಂದವಳಿಗೆ ರಕ್ಷಣೆಯನ್ನೂ ಅದೇ ಮನೆಯಲ್ಲಿ ಇರುವ ಹಕ್ಕನ್ನೂ ಕೊಡುತ್ತದೆ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಅದಕ್ಕೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ.

ಇಷ್ಟೆಲ್ಲ ಕಾನೂನಿದ್ದೂ 2022ರ ಒಂದೇ ವರ್ಷ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವಿನ ಪ್ರಕರಣಗಳು ಆರು ಸಾವಿರ ಮೀರಿದ್ದವು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಲೆಕ್ಕ ಹೇಳುತ್ತದೆ. ಕಾನೂನು ಬರುವುದು ಕೊನೆಗೆ. ಮೊದಲ ಉಂಗುರದ ದಿನ, ಮೊದಲ ಏಟಿನ ದಿನ ಅಲ್ಲಿರಬಹುದಾದವರು ನಾವು.

ನಮ್ಮ ಸಂಘದ ಆ ಹುಡುಗಿಯ ವಿಷಯ ಕೇಳುತ್ತೀರೇನೋ. ಗಾಡಿಯ ನಂತರ ಉಂಗುರ, ಉಂಗುರದ ನಂತರ ವ್ಯಾಪಾರಕ್ಕೆ ಹಣ. ಎರಡನೇ ವರ್ಷ ಅವಳು ಕೈಯಲ್ಲಿ ಕೂಸು, ತುಟಿಯ ಮೇಲೆ ಗಾಯ ಹೊತ್ತು ತವರಿಗೆ ಬಂದಳು. ಈ ಸಲ ಸಂಘ ಸುಮ್ಮನಿರಲಿಲ್ಲ. ಪೊಲೀಸ್ ಠಾಣೆಗೆ ಒಂಬತ್ತು ಮಂದಿ ಜೊತೆಯಲ್ಲಿ ಹೋದೆವು. ಈಗ ಅವಳು ಹೊಲಿಗೆ ಕೆಲಸ ಮಾಡುತ್ತಾಳೆ, ನಮ್ಮ ಸಂಘದಲ್ಲೇ ಉಳಿತಾಯ ಕಟ್ಟುತ್ತಾಳೆ. ಅವಳ ತಾಯಿ ಆ ಗಾಡಿಯ ಸಾಲದ ಕಂತು ತೀರಿಸುವ ಮೊದಲೇ ಗಾಡಿ ಓಡಿಸುವವನು ಅಳಿಯನಾಗಿ ಉಳಿದಿರಲಿಲ್ಲ.

ಹೋದ ತಿಂಗಳು ಇನ್ನೊಬ್ಬ ಸದಸ್ಯೆ ಮಗಳ ಮದುವೆಗೆಂದು ಸಾಲ ಕೇಳಿದಳು. ನಾನು ಪುಸ್ತಕ ತೆರೆಯುವ ಮೊದಲೇ ಆ ಹುಡುಗಿ ಕೇಳಿದಳು: "ಅಕ್ಕಾ, ಅವರೇನಾದ್ರೂ ಕೇಳಿದ್ದಾರಾ? ಇಲ್ಲಿ ಹೇಳಿ, ನಾವಿದ್ದೀವಿ."

ಗೆಳತಿಯರೇ, ಮುಂದಿನ ವಾರದ ಸಭೆಯಲ್ಲಿ ನಿಮ್ಮಲ್ಲೊಬ್ಬರು ಈ ಪ್ರಶ್ನೆ ಕೇಳಿ. ಏನಾಯಿತೆಂದು ನಮಗೆ ಬರೆಯಿರಿ.

– ಸಂಪಾದಕಿ